ಒಂದೂಮುಕ್ಕಾಲು

ಝೆಸ್ತಾಫೋನಿಯ ನನ್ನ ಶೆಡ್ಡಿಗೆ ತ್ಸಿಯಾಲಾ ತಂದ ಹಳೇ ಲಾಡಾ
ನೆಟ್ಟಗೇ ಓಡುತ್ತದೆ. ಸ್ಟೀರಿಂಗ್ ಮಾತ್ರ ಎಡಕ್ಕೆ ವಾಲಿದೆ,
ಕಿವಿ ಮಂದವಾದ ಮುದುಕ
ಮಾತಿನ ಕಡೆ ತಲೆ ಕೊಟ್ಟ ಹಾಗೆ.

"ಬಿಚ್ಚಿ ನೆಟ್ಟಗೆ ಕೂರಿಸಿಬಿಡು ಜುಂಬರ್,
ಅಂಚೆ ಹಂಚೋಕೆ ಹೊತ್ತಾಯ್ತು."
ಕನ್ನಡಿ ಓರೆ ಹಿಡಿದು
ಮೂಗು ನೆಟ್ಟಗಾಯ್ತು ಅಂದ ಹಾಗಾದೀತು, ಅಂದೆ.

ಮುಂದಿನ ಚಕ್ರಗಳನ್ನು ನೆಲ ಬಿಡಿಸಿ
ಎಡದ ತುದಿಯಿಂದ ಬಲದ ತುದಿಗೆ ತಿರುಗಿಸುತ್ತ ಎಣಿಸಿದೆ:
ಮೂರೂವರೆ ಸುತ್ತು.
ಅದರರ್ಧ ಹಿಂದಕ್ಕೆ, ಒಂದೂಮುಕ್ಕಾಲು.
ಅಲ್ಲಿ ಸ್ಟೀರಿಂಗ್ ಕದಲದೆ ನೆಟ್ಟಗೆ ನಿಂತಿತು.
ಓರೆಯಾಗಿದ್ದದ್ದು ಚಕ್ರಗಳು.

ಹಾಗಾದರೆ ತಪ್ಪು ಕೈಗೆ ಸಿಗುವಲ್ಲಿಲ್ಲ.
ಬೆನ್ನ ಮೇಲೆ ಅಡಿಗೆ ತೆವಳಿದೆ.
ಟೈ ರಾಡಿನ ತುಕ್ಕು ಒರೆಸಿ ಥ್ರೆಡ್ಡು ಎಣಿಸಿದರೆ
ಎಡಕ್ಕೆ ಹನ್ನೊಂದು, ಬಲಕ್ಕೆ ನಾಲ್ಕು.
"ಯಾವ ಮಹಾರಾಯ ಒಂದೇ ಕಡೆ ತಿರುಪಿದ್ದು?"

ಹಚ್ಚದ ಸಿಗರೇಟು ಅವಳ ಬೆರಳಲ್ಲೇ ಉಳಿಯಿತು.
"ಅಣ್ಣ. ರಿಕೋತಿ ಘಾಟಿಯಲ್ಲಿ, ಹಿಮದಲ್ಲಿ,
ಊರಿಗೆ ಊರೇ ಕರೆಂಟಿಲ್ಲದ ಆ ವರ್ಷ.
ಟಾರ್ಚು ಹಿಡಿದವಳು ನಾನು.
ಸೆಲ್ಲು ಉಳಿಸಬೇಕಿತ್ತು,
ಒಂದು ಕಡೆ ಮುಗಿದ ಕೂಡಲೆ ಆರಿಸಿಬಿಟ್ಟೆ."

ನಾನೇನೂ ಹೇಳಲಿಲ್ಲ.
ಹನ್ನೊಂದರಲ್ಲಿ ಮೂರೂವರೆ ಕಳೆದು
ನಾಲ್ಕಕ್ಕೆ ಕೊಟ್ಟೆ, ನಟ್ಟು ಬಿಗಿದೆ.

ಕ್ವಿರಿಲಾ ಸೇತುವೆವರೆಗೆ ಹೋಗಿ ಬಂದಳು.
"ಈಗ ಬಲಕ್ಕೆ ವಾಲಿದೆ," ಎಂದು ರೇಗಿದಳು.
ಬಗ್ಗಿ ನೋಡಿದೆ.
ವಾಲಿರಲಿಲ್ಲ.
ಒಂದು ವಾರ ಓಡಿಸು, ಅಂದೆ.