ಕಾರಣದ ಕಾಲಂ

ಪಾಂಡವಪುರದ ಕಡೆಯ ಗದ್ದೆಗೆ ನಾಳೆ ಪರ್ಮಿಟ್ ಕೊಡು
ಅನ್ನುತ್ತದೆ ಪರದೆ. ಬೇಡ ಅನ್ನುತ್ತೇನೆ ನಾನು.
ಬೇಡವಾದರೆ ಬೇಡ, ಅದಕ್ಕೇನೂ ಸಿಟ್ಟಿಲ್ಲ;
ಒಂದು ಚಿಕ್ಕ ಚೌಕ ತೆರೆದು ಕಾಯುತ್ತದೆ:
ಕಾರಣ ಬರೆಯಿರಿ.

ಇಪ್ಪತ್ತೆರಡು ಹಂಗಾಮು ಕಬ್ಬು ಕಡಿಸಿದವನು.
ಜಲ್ಲೆ ಮುರಿದ ಸದ್ದಲ್ಲೇ ಸಕ್ಕರೆ ಎಷ್ಟೆಂದು ಹೇಳುವವನು.
ಚೌಕದಲ್ಲಿ ಒತ್ತಿದೆ: ಅನುಭವ.
ಮುಚ್ಚಿಕೊಂಡಿತು. ಗೆದ್ದೆ ಅಂದುಕೊಂಡು
ಎರಡು ಟೀ ತರಿಸಿದೆ, ಆಪರೇಟರ್ ಇಂಪನಾಗೊಂದು.

ಗೌರಿ ಹಬ್ಬ ಕಳೆಯಿತು. ಆಯುಧಪೂಜೆಗೆ ಅದಕ್ಕೂ ಕುಂಕುಮ ಇಟ್ಟೆವು.
ಆಮೇಲೊಂದು ದಿನ, ಯಾರ್ಡಿನಲ್ಲಿ ಗಾಡಿ ಇಲ್ಲದ ಮಧ್ಯಾಹ್ನ,
ಹಾಳೆಯೊಂದನ್ನು ಮೇಜಿನ ಮೇಲಿಟ್ಟು ಹೋದಳು ಇಂಪನ.
ನಾನು ತಿದ್ದಿದ್ದು ನಲವತ್ತೊಂದು ಸಲ.
ಕಾರಣದ ಕಾಲಮ್ಮಿನಲ್ಲಿ ಮೇಲಿಂದ ಕೆಳಕ್ಕೆ
ಅನುಭವ ಅನುಭವ ಅನುಭವ,
ಹಾಜರಿ ಪುಸ್ತಕದಲ್ಲಿ ಒಬ್ಬನೇ
ಎಲ್ಲರ ಸಹಿ ಹಾಕಿದ ಹಾಗೆ.

ಪಕ್ಕದಲ್ಲಿ ಹಳ್ಳಿ, ದೂರ, ಕೂಳೆಯ ವಯಸ್ಸು, ಬಂದ ಇಳುವರಿ.
ನನ್ನ ಮಾತು ಮೇಲಾದದ್ದು ಹದಿನೇಳು ಸಲ.
ಉಳಿದದ್ದು?
ಬೆರಳಿಟ್ಟು ಒಂದೊಂದೇ ಹೆಸರು ಓದಿದೆ:
ಬೈಕಿನಲ್ಲಿ ಬಂದು, ಎದುರು ಕುರ್ಚಿ ಎಳೆದುಕೊಂಡು
'ಸಾ, ನಮ್ದೊಸಿ ನೋಡಿ' ಅಂದವರು.
ಗೇಟಿನ ಹತ್ತಿರವೇ ನಿಂತು ವಾಪಸು ಹೋದ
ಚಿಕ್ಕತಾಯಮ್ಮನ ಮುಕ್ಕಾಲೆಕರೆ
ಸೂಲಂಗಿ ಒಡೆದು, ಒಳಗೆ ಬೆಂಡಾಗಿ,
ಹತ್ತೊಂಬತ್ತು ದಿನ ತಡವಾಗಿ ತೂಕಕ್ಕೆ ಬಂದಿತ್ತು.
ಅದರ ಎದುರಿಗೂ ಅದೇ ಪದ.

ಯಂತ್ರ ಏನೂ ಅನ್ನಲಿಲ್ಲ. ಅದಕ್ಕೆ ಗೊತ್ತೂ ಇಲ್ಲ.

ಆ ಹದಿನೇಳನ್ನೂ ಕೆದಕಿದೆ,
ಸೋತವನಿಗೂ ಒಂದಿಷ್ಟು ಮಾನ ಬೇಕಲ್ಲ.
ಸಿಕ್ಕಿತು: ನಾಲೆಗೆ ನೀರು ಬಿಟ್ಟ ಮೂರು ದಿನ
ಏರಿಯ ಮೇಲೆ ಟ್ರ್ಯಾಕ್ಟರ್ ಹೂತುಕೊಳ್ಳುತ್ತದೆ.
ನನ್ನ ಕಾಲಿಗೆ ಗೊತ್ತಿತ್ತು ಇದು, ಬಾಯಿಗೆ ಗೊತ್ತಿರಲಿಲ್ಲ.
'ಹಿಂಗಂತ ಬರ್ದಿದ್ರೆ ಆಗ್ಲೇ ಸೇರುಸ್ತಿದ್ನಲ್ಲ ಸಾ' ಅಂದಳು ಹುಡುಗಿ.
ಈಗ ನಾಲೆಗೊಂದು ಕಾಲಂ ಇದೆ.
ಕುರ್ಚಿಗೆ ಇಲ್ಲ. ಅದನ್ನು ನಾನೇ
ಕೋಣೆಯಿಂದ ತೆಗೆಸಿದೆ. ಎಲ್ಲರೂ ನಿಂತೇ ಮಾತಾಡುತ್ತಾರೆ,
ನನಗೂ ಕೂತಿರಲು ಮುಜುಗರ.

ಇವತ್ತು ಮತ್ತೆ ಚೌಕ ತೆರೆದಿದೆ.
ಹೊರಗೆ ಮಡ್ಡಿಯ ವಾಸನೆ, ಪಾಳಿ ಬದಲಾದ ಸೈರನ್ನು.
'ಅ' ಒತ್ತಿದೆ. ಅಳಿಸಿದೆ.
ಕಾಯಲಿ ಬಿಡು. ಚಪ್ಪಲಿ ಎಲ್ಲಿ,
ಗದ್ದೆಗೇ ಹೋಗಿ ಒಂದು ಜಲ್ಲೆ ಮುರಿದು ಬರುತ್ತೇನೆ.