ಒತ್ತಿಗೆ ಬೇರೆ ದುಡ್ಡು

ಅಕ್ಷರಕ್ಕೆ ಹದಿನೈದು ರೂಪಾಯಿ, ಅಂದ ಬಾಬಾಜಾನ್.
ಒತ್ತಿಗೆ ಬೇರೆ.
ಶಿಡ್ಲಘಟ್ಟದ ಕೋರ್ಟಿನೆದುರು, ನೂಲಿನಂಗಡಿಯ ಮಹಡಿಯಿಂದ
ಆಫೀಸಿನ ಬೋರ್ಡು ಇಳಿಸಿ ಗೋಡೆಗೊರಗಿಸಿದ್ದೆವು.
ಗುಮಾಸ್ತ ನಾನು, ಲೆಕ್ಕ ನನ್ನದೇ.
ಒತ್ತಿಗೂ ದುಡ್ಡಾ, ಇದು ಒತ್ತುವರಿ ಕಣಯ್ಯಾ, ಅಂದೆ.
ಅವನು ನಗಲಿಲ್ಲ.
ಅವನ ಸೈಟಿನ ಆರಡಿ ಒತ್ತುವರಿ ಕೇಸು
ನಮ್ಮ ಬೀರುವಿನಲ್ಲಿ ಹನ್ನೊಂದು ವರ್ಷದಿಂದ ಮಲಗಿದೆ.

ಹೆಸರು ಸಾಕು, ಡಿಗ್ರಿ ಬೇಡ, ಅಂದಿದ್ದರು ರೆಡ್ಡಿಯವರು.

ಚೌಡರೆಡ್ಡಿ. ನಾಲ್ಕಕ್ಷರ, ಒಂದು ಒತ್ತು.
ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗುತ್ತಿದ್ದವರು.
ಗಂಟಲು ಈಗಲೂ ಅದೇ:
ಜಡ್ಜರ ಮುಂದೆ ವಾದ ಮುಗಿಸುವಾಗ
ಒಂದನೇ ಸಾರಿ, ಎರಡನೇ ಸಾರಿ ಅಂದುಬಿಟ್ಟಾರೆಂದು ನನಗೆ ದಿಗಿಲು.
ಎಂಬತ್ತನಾಲ್ಕರಲ್ಲಿ ತಕ್ಕಡಿ ಮೋಸದ ಕೇಸಿಗೆ ಸಾಕ್ಷಿ ಹೇಳಲು ಹೋದರು.
ಕಂಡದ್ದನ್ನೇ ಹೇಳಿದರು.
ಎದುರು ವಕೀಲರು ಕೇಳಿದ್ದು ಮೂರೇ:
ತಕ್ಕಡಿ ಎಷ್ಟು ದೂರವಿತ್ತು?
ದೀಪ ಯಾವ ಕಡೆಗಿತ್ತು?
ಆ ದಲ್ಲಾಳಿ ನಿಮಗೆ ಎಷ್ಟು ಬಾಕಿ ಕೊಡಬೇಕು?
ಕಟಕಟೆ ಇಳಿಯುವ ಹೊತ್ತಿಗೆ ಮನುಷ್ಯ ಸುಳ್ಳುಗಾರ.
ಬೇವಿನ ಮರದಡಿ ಕಾಯುತ್ತಿದ್ದ ಹೆಂಡತಿಯೇ ಕೇಳಿದಳಂತೆ,
"ನಿಜ ಹೇಳಿ, ನೀವು ನೋಡಿದ್ರಾ?"
ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ
ಪಿಯುಸಿಗೆ ಫೀಸು ಕಟ್ಟಿದರು.

ಮೆಹರುನ್ನೀಸಾ. ಐದು, ಒಂದು ಒತ್ತು.
ಅವರಮ್ಮ ಫಿಲೇಚರಿನಲ್ಲಿ ಬಿಸಿನೀರಿಗೆ ಬೆರಳದ್ದಿ
ಗೂಡಿನ ಎಳೆಯ ತುದಿ ಹುಡುಕುತ್ತಿದ್ದಾಕೆ.
ಮಗಳು ಕ್ರಯಪತ್ರ ಓದುವುದನ್ನು ನೋಡಬೇಕು:
ಕಣ್ಣಿಗಿಂತ ಮೊದಲು ಬೆರಳು ಓದುತ್ತದೆ,
ಪೂರ್ವಕ್ಕೆ ಪಿಳ್ಳಮುನಿಯಪ್ಪನ ಜಮೀನು, ಪಶ್ಚಿಮಕ್ಕೆ ಓಣಿ,
ಉತ್ತರಕ್ಕೆ...
ತಟ್ಟನೆ ನಿಲ್ಲುತ್ತದೆ. ಸಿಕ್ಕಿತು ತುದಿ.
ಇನ್ನು ಎಳೆಯುವುದಷ್ಟೇ ಬಾಕಿ.
ಹಿಂದಿನ ಓಣಿಯಿಂದ ಸತ್ತ ಹುಳದ ವಾಸನೆ ಬಂದಾಗ
ಕಕ್ಷಿದಾರರು ಕರವಸ್ತ್ರ ಹುಡುಕುತ್ತಾರೆ.
ಕಿಟಕಿ ಮುಚ್ಚಲು ಆಕೆ ಬಿಡುವುದಿಲ್ಲ.

ತಂಗರಾಜ್. ಒತ್ತೇ ಇಲ್ಲ, ಬಾಬಾಜಾನನಿಗೆ ನಷ್ಟ.
ಕೆಜಿಎಫ್ ಹುಡುಗ,
ಗಣಿ ಮುಚ್ಚಿದ ವರ್ಷ ಹುಟ್ಟಿದವನಿಗೆ ಚಿನ್ನದ ರಾಜನ ಹೆಸರು.
ಅಪ್ಪ ಎಲ್ಲಿದ್ರಪ್ಪಾ ಅಂದರೆ,
"ಕೆಳಗಿದ್ರು" ಅನ್ನುತ್ತಾನೆ, ಫೈಲು ಕಟ್ಟುತ್ತಾನೆ.

ಬಾಬಾಜಾನ್ ಉಪ್ಪುಕಾಗದ ತಗೊಂಡು ಉಜ್ಜತೊಡಗಿದ.
ಹಸಿರು ಉದುರಿತು, ಅದರಡಿಯ ನೀಲಿ ಉದುರಿತು,
ನೀಲಿಯಡಿಯಿಂದ ಬೆಳ್ಳಗೆ ಒಂದು ಹೆಸರು ಎದ್ದು ಬಂತು.
ಲಕ್ಷ್ಮೀಪತಯ್ಯ.
"ಐದಕ್ಷರಕ್ಕೆ ಮೂರೊತ್ತು! ಯಾರು ಸಾರ್ ಇವ್ರು?"

ಆ ಮೂರು ಪ್ರಶ್ನೆಯ ವಕೀಲರು.
ಕಾನೂನು ಓದಿ ಮುಗಿಸಿದ ರೆಡ್ಡಿ
ಸೀದಾ ಇವರ ಬಾಗಿಲಿಗೇ ಬಂದು ನಿಂತಿದ್ದರಂತೆ:
ನನ್ನನ್ನು ಹೇಗೆ ಸುಳ್ಳುಗಾರನ ಮಾಡಿದಿರಿ, ಅದನ್ನು ಕಲಿಸಿ.
ಆರು ವರ್ಷ, ಮೂರೊತ್ತೂ ಇವರ ಮನೆಯಲ್ಲೇ ಊಟ.

ರೆಡ್ಡಿ ಮೆಟ್ಟಿಲಿಳಿದು ಬಂದರು. ಕನ್ನಡಕ ತೆಗೆದು ಒರೆಸಿದರು,
ಒರೆಸಿದ್ದನ್ನೇ ಒರೆಸಿದರು.
"ಕೆರೀಬೇಡ. ಅದರ ಮೇಲೇ ಬರಿ."
"ಮೇಲೆ ಬರೆದ್ರೆ ಉಬ್ಬು ಉಳಿಯುತ್ತೆ ಸಾರ್."
"ಉಳೀಲಿ."

ವಕೀಲರು ಅನ್ನುವುದೂ ಸೇರಿ ಹದಿನೇಳು ಅಕ್ಷರ, ಎರಡು ಒತ್ತು.
ದುಡ್ಡು ನೀಡಿದರೆ ಬಾಬಾಜಾನ್ ಕೈ ಚಾಚಲಿಲ್ಲ.
"ನನ್ನ ಆರಡಿ ಯಾವಾಗ?"
ಜುಲೈ ಹನ್ನೊಂದಕ್ಕೆ ಹಾಕಿದ್ದಾರೆ, ಅಂದೆ.
ಯಾವ ಜುಲೈ ಅಂತ ಅವನು ಕೇಳಲಿಲ್ಲ.

ಸೋಮವಾರ ಸೋಮವಾರ ಸ್ಟೂಲು ಹತ್ತಿ ಬೋರ್ಡು ಒರೆಸುತ್ತೇನೆ.
ಡ್ಡಿಯ ಕೆಳಗೆ ಬಟ್ಟೆ ಸಣ್ಣಗೆ ತಡವರಿಸುತ್ತದೆ:
ಬಿಲ್ಲಿನಲ್ಲಿ ಇಲ್ಲದ ಒಂದು ಒತ್ತು.