ಸ್ವಂತ ಅಪಾಯ

ನಾಲ್ಕು ತಿಂಗಳ ಗಡುವಿನಲ್ಲಿ
ಮೂರೂವರೆ ಮುಗಿದಿತ್ತು.
ಆಲ್ಸ್‌ಮೇರಿನ ಹೂಮಂಡಿಯಿಂದ ಬಂದು
ಬೆರಳಿನ ಮುಳ್ಳು ಕೀಳುತ್ತ ಕೂತಿದ್ದೆ.
ಪಕ್ಕದ ಮನೆಯ ವೀಬೆ ಮುದುಕ
ಚೂಪು ಪೆನ್ಸಿಲು, ಒಂದೇ ಒಂದು ಬಿಸ್ಕತ್ತು ಹಿಡಿದು
ನನಗೆ ವಿಮೆ ಆರಿಸಿಕೊಡಲು ಬಂದ.

ಹಲ್ಲಿಗೆ ಬೇರೆ, ಕನ್ನಡಕಕ್ಕೆ ಬೇರೆ,
ಬೆನ್ನು ನೀವಿಸಿಕೊಳ್ಳಲು ವರ್ಷಕ್ಕೆ ಒಂಬತ್ತು ಸಲ,
ಹತ್ತನೆಯ ಸಲದ ನೋವು ನಿನ್ನದೇ.
ಮತ್ತೆ ಇದೊಂದಿದೆ, ಅಂದ:
‘ಸ್ವಂತ ಅಪಾಯ’.
ಈ ದೇಶದವರು ಹಾಗೇ ಅನ್ನುತ್ತಾರೆ, ನಗದೆ.
ಮೈಯಲ್ಲಿ ಏನೇ ಮುರಿದರೂ
ಮೊದಲ ಮುನ್ನೂರೆಂಬತ್ತೈದು ಯೂರೋ ನೀನೇ ಕೊಡು.
ಇನ್ನೂ ಐನೂರು ಹೊತ್ತುಕೊಂಡರೆ
ತಿಂಗಳ ಕಂತು ಇಳಿಯುತ್ತದೆ.
“ಬರುವ ವರ್ಷ ಎಷ್ಟು ಕಾಯಿಲೆ ಬೀಳಬೇಕೆಂದಿದ್ದೀ, ನಾತೆಲಾ?”

ಲೆಕ್ಕ ಹಾಕಿದೆ,
ಕುದುರೆ ಬಾಲಕ್ಕೆ ದುಡ್ಡು ಕಟ್ಟುವವಳ ಹಾಗೆ.
ಕುದುರೆಯೂ ನಾನೇ.

ವೀಬೆಗೆ ಹೇಳದ್ದು ಒಂದಿತ್ತು.
ನನಗೆ ಮೂತ್ರಪಿಂಡ ಒಂದೇ.
ಇನ್ನೊಂದು ಅಣ್ಣ ಗೂಚಾನ ಹೊಟ್ಟೆಯಲ್ಲಿ
ಕುತಾಯಿಸಿಯ ಬೀದಿಗಳಲ್ಲಿ ಬಾಡಿಗೆ ವ್ಯಾನು ಓಡಿಸುತ್ತಿದೆ,
ಬೇಡವೆಂದರೂ ಹಬ್ಬಹಬ್ಬಕ್ಕೆ ಕುಡಿಯುತ್ತಿದೆ,
ಏಳು ವರ್ಷದಿಂದ ನನಗೊಂದು ಫೋನು ಮಾಡಿಲ್ಲ.
ಅದಕ್ಕೆ ಯಾವ ದೇಶದ ವಿಮೆ?

ಮಂಡಿಯಲ್ಲಿ ಒಂದು ಎಸಳು ಬಾಡಿದ್ದರೂ
ಇಡೀ ಬಕೆಟ್ಟು ಎರಡನೆಯ ದರ್ಜೆ.
ಅದಕ್ಕೇ ವಾರವಿಡೀ ಸೈಕಲ್ ತುಳಿಯುತ್ತ
ಡಚ್ಚಿನಲ್ಲಿ ಒಂದು ಸುಳ್ಳು ಬಾಯಿಪಾಠ ಮಾಡಿದ್ದೆ:
“ಆಪರೇಷನ್ನೇ? ನನಗೆ? ಯಾವತ್ತೂ ಇಲ್ಲ.”
ನನಗೆ ಬರುವ ಅತ್ಯಂತ ಶುದ್ಧ ವಾಕ್ಯ,
ಕ್ರಿಯಾಪದ ಕೂಡ ಅದರ ಜಾಗದಲ್ಲೇ.

ಅರ್ಜಿ ಕೇಳಿತು: ಹೆಸರು. ಹುಟ್ಟಿದ ದಿನ.
ಬೀದಿ. ಬ್ಯಾಂಕಿನ ಖಾತೆ.
ಆಮೇಲೆ ಧನ್ಯವಾದ ಅಂದಿತು.
“ಮಿಕ್ಕ ಪ್ರಶ್ನೆ?”
“ಯಾವ ಪ್ರಶ್ನೆ? ಮೂಲ ವಿಮೆಗೆ
ಯಾರನ್ನೂ ಬೇಡ ಅನ್ನುವ ಹಾಗಿಲ್ಲ,”
ವೀಬೆ ಮೇಜಿನ ಮೇಲಿನ ಪುಡಿ ಒರೆಸಿದ.

ಹಗುರವಾಗಬೇಕಿತ್ತು.
ಸಿಟ್ಟು ಬಂತು, ಯಾರ ಮೇಲೋ.
ಇಷ್ಟು ದೂರ ಬಚ್ಚಿಟ್ಟು ತಂದ ಗಂಟನ್ನು
ಗಡಿಯಲ್ಲಿ ಯಾರೂ ಬಿಚ್ಚಿಸಿ ನೋಡಲಿಲ್ಲ.

ಐನೂರು ಹೊತ್ತುಕೊಳ್ಳಲಿಲ್ಲ.
“ನಿನ್ನ ವಯಸ್ಸಿಗೆ ಇದು ದಂಡ,” ಅಂದ ಮುದುಕ,
ಪೆನ್ಸಿಲು ಜೇಬಿಗೆ ಹಾಕಿಕೊಂಡ.

ಮಾರನೆಯ ಬೆಳಗಿನ ನಾಲ್ಕಕ್ಕೆ, ತಣ್ಣಗಿನ ಮಂಡಿಯಲ್ಲಿ,
ಲಿಲ್ಲಿಯ ಪರಾಗಕ್ಕೆ ಸೀನಿದೆ.
ಮೂರು ಗಾಡಿಗಳಾಚೆಯಿಂದ, ತಲೆ ಎತ್ತದೆ,
ಬೊಝೆನಾ ಕೂಗಿದಳು,
ಇಲ್ಲಿ ಸೀನಿದವರಿಗೆಲ್ಲ ಅನ್ನುವ ಮಾತು:
“ಆರೋಗ್ಯ!”

ಧನ್ಯವಾದ ಅನ್ನಬೇಕಿತ್ತು.
ನಾಲಿಗೆಯ ತುದಿಯಲ್ಲಿ ಕಾದು ಕೂತಿದ್ದದ್ದೇ ಹೊರಬಿತ್ತು:
“ಆಪರೇಷನ್ನೇ? ನನಗೆ? ಯಾವತ್ತೂ ಇಲ್ಲ.”

ನಿನ್ನ ಡಚ್ ಎಷ್ಟು ಸುಧಾರಿಸಿದೆ, ಅಂದಳು ಅವಳು,
ಗುಲಾಬಿಯ ಗಾಡಿ ತಳ್ಳುತ್ತ.